ಬೂದು ಬಣ್ಣದ ನೀರು

ಆಗಸ್ಟ್ 6, ಭಾಲ್ಕಿ

ಇಲ್ಲ ಅಣ್ಣಾ, ನಾಟಕವಲ್ಲ. ಕೆಮ್ಮಿದರೆ ತಲೆಯ ಹಿಂಭಾಗ ಒಡೆದಂತಾಗುವುದು ನಾಟಕವೇ? ಬಿಸಿ ಚಹಾದ ಕಪ್ ಹಿಡಿದು ಬೆರಳಿಗೆ ಬೊಬ್ಬೆ ಬಂದರೂ ಗೊತ್ತಾಗದ್ದು ನಾಟಕವೇ? ಹತ್ತನೇ ಪಾಸಾಗಿ ವರ್ಷಗಟ್ಟಲೆ ಮನೆಯಲ್ಲಿ ಕೂತವನಿಗೆ ನೀನೇ ಔರಾದದ ನಿನ್ನ ಶಾಲೆಯ ವ್ಯಾನ್ ಓಡಿಸುವ ಕೆಲಸ ಕೊಡಿಸಿದೆ. ನಾನು ಒಂಬತ್ತೇ ದಿನಕ್ಕೆ ಬಿಟ್ಟೆ. ವ್ಯಾನಿನ ತುಂಬ ಮಕ್ಕಳು... ಎಡಗೈಗೆ ಗೇರ್ ಸಿಕ್ಕಿತೋ ಇಲ್ಲವೋ ತಿಳಿಯದು. ಹೇಳಿದರೆ ನಮ್ಮಣ್ಣ ಆಲ್ವಿನ ಮಾಸ್ತರರು ನಗುತ್ತಾರೆ. "ದುಡಿಲಾಕ ಮೈ ಬಗ್ಗಂಗಿಲ್ಲ, ಅದಕ್ಕ ತಲಿ ನೋವು."

ಎದುರಿಗೆ ಅನ್ನಲಾಗದ್ದನ್ನು ಈ ಡೈರಿಯಲ್ಲಿ ಗೀಚುತ್ತಿದ್ದೇನೆ.

ಆಗಸ್ಟ್ 9, ಬೀದರ

ತಲೆನೋವಿಗೆಂದು ಮೊದಲು ತೆಗೆಸಿದ್ದ ಹಳೇ ಸ್ಕ್ಯಾನಿನಲ್ಲಿ ಮೆದುಳಿನ ತುದಿ ಸ್ವಲ್ಪ ಕುತ್ತಿಗೆಗೆ ಇಳಿದಿದೆಯಂತೆ.

"ಇಷ್ಟು ಇಳಿದವರು ಭಾಳ ಮಂದಿ ಆರಾಮ ಇರ್ತಾರ," ಅಂದರು ಆಸ್ಪತ್ರೆಯ ಡಾಕ್ಟರ್ ಕುಬರಾ ಮೇಡಂ. "ಮೆದುಳಿನ ಸುತ್ತ ನೀರು ಇರ್ತದ. ಎದಿ ಬಡದಂಗೆಲ್ಲ ಕುತ್ತಿಗಿಗಿ ಇಳಿದು ಮತ್ತ ಏರ್ತದ, ಭಾಳ ಸಾವಕಾಶ. ನಿಂದು ಹರಿತದೋ ಇಲ್ಲೋ ನೋಡಬೇಕು."

ಅಂದರೆ ಅಣ್ಣ ಖರೇನೋ ನಾನು ಖರೇನೋ — ಆ ನೀರೇ ಹೇಳಬೇಕು.

ಅದಕ್ಕೇ ಎಮ್ಮಾರೈ ಸ್ಕ್ಯಾನು. ಬೆರಳಿಗೆ ಕ್ಲಿಪ್ಪು, ನಾಡಿ ಬಡಿದಂತೆ ಫೋಟೋ. ಮಷೀನು ಶುರು. ಡಗ್ ಡಗ್ ಡಗಡಗ... ಟೆಕ್ನಿಶಿಯನ್ ಕುಣಾಲ ಮೈಕಿನಲ್ಲಿ ಕೂಗಿದ.

"ಏ ಇಮ್ಮಾನುಯೇಲ! ಕಾಲಾಗ ತಾಳ ಹಾಕ್ಲತ್ತಿಯೇನೋ? ಕುತ್ತಿಗಿ ಅಳ್ಳಾಡ್ಲತ್ತದ!"

ನನಗೇ ಗೊತ್ತಿಲ್ಲ. ಎಂಟು ವರ್ಷ ಚರ್ಚಿನಲ್ಲಿ ಢೋಲಕ ಬಾರಿಸಿದ ಮೈ. ಬಡಿತ ಕೇಳಿದರೆ ನನ್ನನ್ನು ಕೇಳಿ ಕುಣಿಯುತ್ತದೆಯೇ? ಮೂರು ಸಲ ಕೆಟ್ಟಿತು. ಎಲ್ಲ ಮಸುಕು.

"ಮಂಗಳವಾರ ಬಾ. ಕೈಕಾಲು ಮನ್ಯಾಗ ಇಟ್ಟು ಬಾ."

ಆಗಸ್ಟ್ 10

ಅಣ್ಣನ ಫೋನು. ಅವ್ವ ಸ್ಪೀಕರ್ ಹಾಕಿದ್ದಳು.

"ರಿಪೋರ್ಟ್ ಬರಬಾರದಂತ ಬೇಕಂತಲೇ ಅಳ್ಳಾಡ್ಯಾನವ್ವ ಅಂವ."

"ಹಂಗಾದ್ರ ನೀನೇ ಕರ್ಕೊಂಡು ಹೋಗಪ್ಪ. ನೀನೇ ಹಿಡ್ಕೊ."

ಆಗಸ್ಟ್ 13, ರಾತ್ರಿ

ಅಣ್ಣ ಬಂದ. ಗಡಿಯಾರ, ಬೆಲ್ಟು, ಕೀ ಎಲ್ಲ ತೆಗೆದಿಟ್ಟು ನನ್ನ ಜೊತೆ ಮಷೀನಿನ ಕೋಣೆಗೆ. ಕಾಲಿನ ಎರಡೂ ಹೆಬ್ಬೆರಳು ಹಿಡಿದು ನಿಂತ. ಬೆರಳು ಮಿಡಿಯಿತೆಂದರೆ ಒತ್ತುತ್ತಿದ್ದ. ಉಗುಳು ನುಂಗದೆ ಬಿದ್ದುಕೊಂಡೆ. ಹದಿನೈದು ನಿಮಿಷವಂತೆ — ವರ್ಷ ಕಳೆದಂತಾಯಿತು.

ಕುಬರಾ ಮೇಡಂ ಸ್ಕ್ರೀನ್ ತಿರುಗಿಸಿದರು. "ಏರೋ ನೀರು ಬೆಳ್ಳಗ ಕಾಣ್ತದ, ಇಳಿಯೋದು ಕರ್ರಗ. ನಿಂತಿದ್ದು ಬೂದಿ ಬಣ್ಣ."

ಕುತ್ತಿಗೆಯ ಮುಂಭಾಗದಲ್ಲಿ ಬಿಳಿ, ಕಪ್ಪು, ಬಿಳಿ, ಕಪ್ಪು. ಹಿಂಭಾಗ ಬೂದು. ಮತ್ತೆ ಹಾಕಿದರು. ಬೂದು.

"ಹಿಂದ ಹಾದಿ ಮುಚ್ಚೇದ. ಬೆನ್ನಿನ ನರದಾಗ ನೀರು ಸೇರ್ಲತ್ತದ, ಅದಕ್ಕ ಕೈಗಿ ಬಿಸಿ ತಿಳಿಯಂಗಿಲ್ಲ. ಆಪರೇಷನ್ ಆಗಬೇಕು. ತಡ ಮಾಡಿದ್ರ ಕೈ ಹೋಗ್ತದ."

ಹೆದರಬೇಕಿತ್ತು. ನಗು ಬಂತು. ನಕ್ಕರೆ ತಲೆ ಒಡೆಯುತ್ತದೆ, ಆದರೂ ನಕ್ಕೆ. ಅಣ್ಣ ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. ಭಾಲ್ಕಿ ಬರುವವರೆಗೆ ಬಸ್ಸಿನಲ್ಲಿ ರಿಪೋರ್ಟಿನ ಕವರು ತೊಡೆಯ ಮೇಲಿಟ್ಟು ಹಿಡಿದಿದ್ದ.

ಆಗಸ್ಟ್ 21, ಬೆಳಿಗ್ಗೆ 8

ಒಂಬತ್ತಕ್ಕೆ ಹೈದರಾಬಾದ್ ಬಸ್ಸು. ನಾಳೆ ಅಲ್ಲಿ ಆಪರೇಷನ್. ಕೂತಲ್ಲಿ ಕೂರಲಾಗುತ್ತಿಲ್ಲ. ಬ್ಯಾಗು ಮೂರು ಸಲ ಬಿಚ್ಚಿ ಕಟ್ಟಿದೆ. ಎಂಟು ದಿನದಿಂದ ಅಣ್ಣ ಮಾತಾಡಿಲ್ಲ. ನಿನ್ನೆ ರಾತ್ರಿ ಔರಾದದಿಂದ ಬಂದ, ಉಂಡ, ಮಲಗಿದ.

ಈಗ ಪಡಸಾಲೆಯಲ್ಲಿ ಹೆಡ್ಮಾಸ್ತರರಿಗೆ ಫೋನು ಮಾಡುತ್ತಿದ್ದಾನೆ. ಇವನ ಮಾತಷ್ಟೇ ಕೇಳಿಸುತ್ತದೆ.

"ರಜಾ ಬೇಕ್ರಿ ಸರ್... ನನ್ನ ತಮ್ಮಗ ಆರಾಮಿಲ್ರಿ... ಹೌದ್ರಿ, ಅಂವನೇ... ಎಷ್ಟು ದಿನ ಅಂದ್ರ, ಅಂವ ಎದ್ದು ತಿರುಗಾಡೋತನಕ್ರಿ."

ಆ ಕಡೆಯವರು ಏನೋ ಕೇಳಿರಬೇಕು.

"ನಾಟಕ ಮಾಡ್ತಾನಂತ ಅಂದಿದ್ದೆರಿ. ಸ್ಟಾಫ್ ರೂಮಿನಾಗ ಎಲ್ಲಾರ ಮುಂದ ಅಂದಿದ್ದೆ... ತಪ್ಪು ನಂದೇರಿ."

ಫೋನು ಇಟ್ಟ. ಈ ಕಡೆಗೇ ಬರುತ್ತಿದ್ದಾನೆ. ಮುಖ ಹೇಗೆ ನೋಡಲಿ? ಹಿತ್ತಲ ಬಾಗಿಲಿದೆ. ಎದ್ದೆ. ಹೊರಗೆ ಹೋಗಿ, ಬಾಗಿಲು ಹಾಕಿಕೊಂಡು, ಸ್ವಲ್ಪ ಅತ್ತು ಬರುತ್ತೇನೆ; ಒಂಬತ್ತರ ಬಸ್ಸಿಗೆ ಇಬ್ಬರೂ ಕೂಡಿ ಹೋಗಬೇಕಲ್ಲ.