ಓಗೊಡದ ಕೂಗು

ಲುಕಾಚುಕಾಯ್
ಜುಲೈ ೧೪, ೧೯೬೯

ಪ್ರೀತಿಯ ಡೆಸ್ಬಾ ಅಕ್ಕನಿಗೆ,

ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲಿಲ್ಲ ಅಂತ ಬೈದುಕೊಂಡಿರುತ್ತೀಯ, ಬೈದುಕೋ. ಕುರಿಗಳ ಉಣ್ಣೆ ಕತ್ತರಿಸುವ ಕೆಲಸವಿತ್ತು ಅನ್ನಬಹುದು, ಆದರೆ ಅದು ಮೇ ತಿಂಗಳಲ್ಲೇ ಮುಗಿದಿತ್ತು. ನಿಜವೆಂದರೆ ನನಗೆ ದಣಿವು. ಕೂತರೂ ದಣಿವು, ಮಲಗಿ ಎದ್ದರೂ ದಣಿವು.

"ಗುಟ್ಟು ಬಯಲಾಯ್ತಂತಲ್ಲ, ಈಗಲಾದ್ರೂ ಹೇಳೋ. ನನ್ನ ತಮ್ಮ ಯುದ್ಧದಲ್ಲಿ ಏನ್ ಮಾಡ್ದ, ಹೇಗೆ ಹೋದ?" ಅಂತ ಕೇಳಿದ್ದೀಯ. ಇಪ್ಪತ್ತನಾಲ್ಕು ವರ್ಷದಿಂದ ಕೇಳುತ್ತಲೇ ಇದ್ದೀಯ. ಸತ್ತವರ ಹೆಸರು ಹೇಳಬಾರದು, ಹಾಗಾಗಿ ಬರೆಯುವುದಿಲ್ಲ. ನಿನಗೆ ಒಡಹುಟ್ಟಿದವನು, ನನಗೆ ಕುಲದಿಂದ ಅಣ್ಣ.

ನಾವು ಮಾಡಿದ್ದು ಮಾತಾಡುವ ಕೆಲಸ. ಜಪಾನಿನ ದ್ವೀಪವೊಂದರ ಬೂದಿಮಣ್ಣಿನಲ್ಲಿ ಗುಂಡಿ ತೋಡಿ ಕೂತು, ಸೈನ್ಯದ ಗುಟ್ಟಿನ ಸುದ್ದಿಯನ್ನು ರೇಡಿಯೋದಲ್ಲಿ ನಮ್ಮ ನವಾಹೊ ಮಾತಿನಲ್ಲಿ ಕಳಿಸುವುದು. ಟ್ಯಾಂಕಿಗೆ ಆಮೆ, ಕೈಬಾಂಬಿಗೆ ಆಲೂಗಡ್ಡೆ. ಕದ್ದು ಕೇಳುತ್ತಿದ್ದ ಜಪಾನಿಯರಿಗೆ ತಲೆಬುಡ ತಿಳಿಯಲಿಲ್ಲ. ಒಂದು ಸಲ "ಆಲೂಗಡ್ಡೆ ಮುಗಿದಿದೆ, ಬೇಗ ಕಳಿಸಿ" ಅಂತ ಹೇಳಿ ಅಣ್ಣ ನನ್ನ ಕಡೆ ತಿರುಗಿ, "ಅಮ್ಮನ ಕಿವಿಗೆ ಬಿದ್ರೆ ಮೂಟೆ ಹೊತ್ಕೊಂಡು ಸಮುದ್ರ ದಾಟಿ ಬಂದ್ಬಿಡ್ತಾಳೆ ಕಣೋ" ಅಂದ. ಬಿಳಿಯ ಸಾರ್ಜೆಂಟ್ "ಏನ್ರಯ್ಯಾ, ಬಾಯಲ್ಲಿ ಗೋಲಿ ಇಟ್ಕೊಂಡು ಮಾತಾಡ್ತೀರಾ?" ಅಂತ ಕೇಳಿದಾಗ, "ಇದೇ ಮಾತಾಡಿದ್ದಕ್ಕೆ ನಿಮ್ಮೋರ ಸ್ಕೂಲಲ್ಲಿ ನಮ್ಮ ಬಾಯಿಗೆ ಸೋಪು ಹಾಕಿ ತಿಕ್ಕಿದ್ರಲ್ಲ ಸಾರ್, ಇನ್ನೂ ನೊರೆ ಬರ್ತಿದೆ" ಅಂದ. ನಗುವುದನ್ನು ನಾನು ಅವನಿಂದಲೇ ಕಲಿತಿದ್ದು.

ಹೋದ ತಿಂಗಳು ನಗರದಲ್ಲಿ ಸಭೆ ಸೇರಿಸಿ ಪದಕ ಕೊಟ್ಟರು. ಅವನದನ್ನೂ ನನ್ನ ಕೈಗೇ ಕೊಟ್ಟರು. ಇದರ ಜೊತೆ ಕಳಿಸುತ್ತಿದ್ದೇನೆ.

ನಾನು ಯುದ್ಧದಿಂದ ಬಂದಾಗ, ಸತ್ತವರ ನೆರಳು ಮೈಬಿಡಲಿ ಅಂತ ನಿಮ್ಮಮ್ಮ ಕುರಿ ಕಡಿಸಿ ಮೂರು ದಿನ ಶಾಂತಿ ಮಾಡಿಸಿದ್ದಳು, ನೆನಪಿದೆಯಾ? ಮಂತ್ರ ಹಾಡುವ ಹಿರಿಯ ನನ್ನನ್ನು ಎದುರಿಗೆ ಕೂರಿಸಿಕೊಂಡು, "ಕಂಡಿದ್ದೆಲ್ಲ ಹೇಳಪ್ಪಾ. ಒಂದು ಉಳಿಸ್ಕೊಂಡ್ರೂ ಅದು ಒಳಗೇ ಕೂತ್ಬಿಡುತ್ತೆ" ಅಂದ. ಸೈನ್ಯಕ್ಕೆ ಆಣೆ ಇಟ್ಟಿದ್ದೇನೆ, ಹೇಳುವ ಹಾಗಿಲ್ಲ ಅಂದುಬಿಟ್ಟೆ. ಅರ್ಧ ಹೇಳಿದವನಿಗೆ ಅರ್ಧ ಶಾಂತಿ. ಶೆಲ್ ಬಿದ್ದ ಕ್ಷಣವೇ ಅವನು ಹೋದ, ನೋವಾಗಲಿಲ್ಲ ಅಂತ ನಿಮಗೆ ಹೇಳಿದೆ. ಅಮ್ಮ ಅದನ್ನೇ ನಂಬಿಕೊಂಡು ಕಣ್ಣುಮುಚ್ಚಿದಳು.

ನಿನ್ನ ಮಗ್ಗ, ನಿನ್ನ ಮಂದೆ ಚೆನ್ನಾಗಿರಲಿ. ನೀನು ನಡೆಯುವ ದಾರಿ ಚೆಲುವಾಗಿರಲಿ.

ನಿನ್ನ ತಮ್ಮ,
ವುಡ್ರೋ ಹಸ್ಕೀ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದ್ದೇನೆ. ಆಣೆ ಬರೀ ನೆಪ, ಅಕ್ಕಾ. ಶೆಲ್ ಬಿದ್ದಿದ್ದು ಬೆಳಿಗ್ಗೆ. ಅವನ ಗುಂಡಿ ಕುಸಿದು ಮುಚ್ಚಿದ್ದನ್ನು ನೋಡಿ, ಸತ್ತ ಅಂತ ರೇಡಿಯೋದಲ್ಲಿ ಸುದ್ದಿ ಕಳಿಸಿದವನು ನಾನೇ. ಮಧ್ಯಾಹ್ನ ಅದೇ ಗುಂಡಿಯಿಂದ "ತಮ್ಮಾ, ನೀರು" ಅಂತ ಕೂಗು ಬಂತು. ಸತ್ತವರು ನಮ್ಮವರ ದನಿಯಲ್ಲೇ ಕರೆಯುತ್ತಾರೆ, ಓಗೊಡಬಾರದು ಅಂತ ಅಜ್ಜಿ ನಮಗೆಲ್ಲ ಹೇಳಿಕೊಟ್ಟಿದ್ದಳಲ್ಲ. ನಾನು ಓಗೊಡಲಿಲ್ಲ. ಮೂರು ಸಲ ಕರೆದ. ಸಂಜೆ ಗಾಯಾಳುಗಳನ್ನು ಹುಡುಕುತ್ತ ಬಂದವರು ಮಣ್ಣು ಸರಿಸಿ, "ಈಗಷ್ಟೇ ಹೋಗಿದ್ದಾನೆ, ಮೈ ಇನ್ನೂ ಬಿಸಿಯಿದೆ" ಅಂದರು.

ನನ್ನ ಸೊಂಟದಲ್ಲಿದ್ದ ನೀರಿನ ಬಾಟಲಿ ತುಂಬಿತ್ತು, ಅಕ್ಕಾ.