ಸೋಡಾ ಉಪ್ಪಲ್ಲ

ರಾಯಚೂರು
ಕಾರ್ತಿಕ ಬಹುಳ ಪಂಚಮಿ, ೧೯೪೬

ಪ್ರೀತಿಯ ಜಾನಕಿ ಅಕ್ಕನಿಗೆ,

ನಿನ್ನನ್ನು ಈ ಮನೆಯಿಂದ ಕುರ್ಡಿಗೆ ಕಳಿಸಿದ್ದು ಅನ್ಯಾಯ. ಅಪ್ಪನ ಮುಂದೆ ಇದನ್ನು ಹೇಳಿದ್ದೇನೆ, ಅತ್ತೆಯ ಮುಂದೆ ಹೇಳಿದ್ದೇನೆ, ನಿನಗೆ ಮಾತ್ರ ಹೇಳಿರಲಿಲ್ಲ. ಈಗ ಹೇಳಿದೆ. ನೀನು ಹೇಗಿದ್ದೀ? ಕೆಮ್ಮು ಕಡಿಮೆಯಾಯಿತೆ? ದೊಡ್ಡಪ್ಪನ ಮನೆಯ ಅಷ್ಟು ಜನಕ್ಕೆ ಬೇಯಿಸಿ ಬಡಿಸಿದ ಮೇಲೆ ನಿನ್ನ ಒಂದು ಹೊತ್ತಿನ ಊಟಕ್ಕಾದರೂ ಬಿಸಿ ಅನ್ನ ಉಳಿಯುತ್ತದೆಯೆ? ರಾತ್ರಿ ಏನು ತಿನ್ನುತ್ತೀ? ಎಲ್ಲ ಚೆನ್ನಾಗಿದೆ ಎಂದು ಬರೆಯಬೇಡ, ನಾನು ನಂಬುವುದಿಲ್ಲ.

ನಿನ್ನೆ ನಾನು ಮಫಿನ್ನು ಮಾಡಿದೆ. ನಗಬೇಡ. ಅವ್ವ ಕೇಳಿದಳು. ಶ್ರಾವಣದಲ್ಲಿ ಹಾಸಿಗೆ ಹಿಡಿದವಳು, ಗಂಜಿಯ ಬಟ್ಟಲನ್ನೂ ದೂರ ತಳ್ಳುವವಳು, ಮೊನ್ನೆ ಕಣ್ಣು ಮುಚ್ಚಿಕೊಂಡೇ "ಬಟ್ಟಲದಾಗ ಕೇಕು ಮಾಡತಿದ್ಲಲ್ಲ ಜಾನಕಿ, ಅದರ ವಾಸನಿ ಬಂದಂಗಾತು" ಎಂದಳು. ನೀನು ಮಾಡುತ್ತಿದ್ದಂತೆಯೇ ಹಂಡೆಯ ತಳಕ್ಕೆ ಹೊಳೆಯ ಮರಳು ಹರವಿ, ಮುಚ್ಚಳದ ಮೇಲೆ ಕೆಂಡ ಇಟ್ಟೆ. ಗೋಧಿ ಹಿಟ್ಟು, ಬೆಲ್ಲ, ತುಪ್ಪ, ಹುಳಿಮೊಸರು, ಕಳಿತ ಬಾಳೆಹಣ್ಣು, ಒಣದ್ರಾಕ್ಷಿ, ಸಣ್ಣಗೆ ಹೆಚ್ಚಿದ ಅಂಜೂರ. ಏಲಕ್ಕಿ, ದಾಲ್ಚಿನ್ನಿ, ಲವಂಗ ಕುಟ್ಟಿ ಹಾಕಿದೆ, ಜಾಜಿಕಾಯಿ ತೇಯ್ದು ಹಾಕಿದೆ. ಒಂದು ತೊಟ್ಟು ನೀರು ಸೋಕಿಸಲಿಲ್ಲ.

ಹಿಟ್ಟು ಕಲೆಸುವಾಗ ಎಲ್ಲ ನೆನಪಾಯಿತು. ರೈಲ್ವೆ ಸಾಹೇಬರ ಬಂಗಲೆಯಲ್ಲಿ ಅಡುಗೆಗಿದ್ದಾಗ ಕಲಿತದ್ದನ್ನು ಪಕ್ಕದ ಮನೆಯ ಖಾಲಾ, ನಮ್ಮ ಬುರ್ಹಾನುದ್ದೀನನ ತಾಯಿ, ಗೋಡೆಯಾಚೆಯಿಂದ ನಿನಗೆ ಹೇಳಿಕೊಟ್ಟಳು. ನೀನು ಮೊಟ್ಟೆ ಬಿಟ್ಟೆ, ನೀರು ಬಿಟ್ಟೆ, ಉಪ್ಪು ಬಿಟ್ಟೆ. ಗಂಡ ಸತ್ತವಳು ರಾತ್ರಿ ಅನ್ನದಂಥ ಮುಸುರೆ ತಿನ್ನಬಾರದು. ನೀರು ಉಪ್ಪು ಸೋಕದೆ ಹಾಲು ಮೊಸರಿನಲ್ಲಿ ಕಲೆಸಿದ್ದು ಮುಸುರೆಯಲ್ಲ. ಶಾಸ್ತ್ರದ ಅಷ್ಟು ಸಣ್ಣ ಕಿಂಡಿಯಲ್ಲಿ ನಿನ್ನ ಹಸಿವಿಗೊಂದು ದಾರಿ ಹುಡುಕಿಕೊಂಡಿದ್ದೆ. ಯಾರಿಗೂ ತಪ್ಪು ಕಾಣಲಿಲ್ಲ. ಅಪ್ಪನೇ ತಿಂದು ಭೇಷ್ ಎಂದಿದ್ದರು.

ಆಮೇಲೆ ದೇವದುರ್ಗದಿಂದ ಅನಸೂಯಾಬಾಯಿ ಅತ್ತೆ ಬಂದಳು. "ಇದು ಹಿಂಗ ಉಬ್ಬೋದು ಹೆಂಗವಾ?" ಎಂದು ಮೆತ್ತಗೆ ಕೇಳಿದಳು. ನೀನೋ ಸತ್ಯವಂತೆ! "ಸೋಡಾ ಉಪ್ಪು ಹಾಕೀನಿ, ಅತ್ತೀ" ಎಂದೆ. "ಉಪ್ಪು! ರಾತ್ರಿ ಉಪ್ಪು ತಿಂದಾಳ! ಅದೂ ಸಾಬರ ಮನಿ ವಿದ್ಯಾ!" ಎಂದು ಅತ್ತೆ ಚೀರಿದಳು. ಹೆಸರಲ್ಲಿದ್ದ ಮಾತ್ರಕ್ಕೆ ಉಪ್ಪಾಗುವುದಾದರೆ ಉಪ್ಪರಿಗೆ ಹತ್ತಿದವರ ವ್ರತವೆಲ್ಲ ಕೆಡಬೇಕಲ್ಲ ಎಂದು ನಾನು ಕೂಗಾಡಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನೆನಪಿದೆಯೆ? ಅವಳು ನಕ್ಕದ್ದು ಅದೇ ಕೊನೆ. ಮರುದಿನ ನಿನ್ನ ಗಂಟು ಹಿತ್ತಿಲ ಬಾಗಿಲಲ್ಲಿತ್ತು.

ನಿನ್ನೆಯೂ ಅತ್ತೆ ಒಲೆಯ ಮುಂದೆಯೇ ಕಾವಲು ಕೂತಳು, ಸೋಡಾ ಹಾಕಗೊಡಲಿಲ್ಲ. ಮಫಿನ್ನು ಏಳಲಿಲ್ಲ, ತಟ್ಟಿದ ಸಗಣಿಯ ಕುಳ್ಳಿನಂತೆ ಕೂತುಬಿಟ್ಟವು. ಅವ್ವ ಒಂದು ಚೂರನ್ನು ನಾಲಗೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನುಂಗದೆ ಇದ್ದಳು. ಆಮೇಲೆ "ಏಳಲಿಲ್ಲಲ್ಲ ಅಹಲ್ಯಾ... ಇರ್ಲಿ ಬಿಡು, ಅದಕ್ಕೂ ನನ್ನಂಗ ಶಕ್ತಿ ಸಾಲದು. ಜಾನಕಿಗೆ ಒಂದು ಎತ್ತಿಡು, ರಾತ್ರಿ ಹಸೀತಾಳ ಅಕಿ" ಎಂದಳು. ನೀನು ಮನೆಯಲ್ಲಿಲ್ಲವೆಂಬುದನ್ನೇ ಮರೆತಿದ್ದಳು. ಎತ್ತಿಟ್ಟೆ. ಅದನ್ನು ಈ ಕಾಗದದ ಜೊತೆ ಕಳಿಸಿದ್ದೇನೆ, ರಾತ್ರಿ ತಿನ್ನು. ಅದರಲ್ಲಿ ಸೋಡಾ ಇಲ್ಲ, ಉಪ್ಪಿಲ್ಲ. ಅಳುವಾಗ ಕೂಡ ಹಂಡೆಯಿಂದ ದೂರ ನಿಂತಿದ್ದೆ.

ಕರಪತ್ರ ಓದಿ ಓದಿ ನಾನು ಕೆಟ್ಟೆನೆಂದು ಅಪ್ಪ ಬಯ್ಯುತ್ತಾರೆ. ಸ್ವರಾಜ್ಯ ಬರುತ್ತದೆ ಎಂದು ಎಲ್ಲ ಕರಪತ್ರಗಳಲ್ಲೂ ಇದೆ. ಅದು ಅಡುಗೆಮನೆಗೆ ಯಾವ ಬಾಗಿಲಿನಿಂದ ಬರುತ್ತದೆಂದು ಒಂದರಲ್ಲೂ ಬರೆದಿಲ್ಲ. ಹಿತ್ತಿಲ ಬಾಗಿಲಿನಿಂದಲ್ಲ ಎಂಬಷ್ಟು ನನಗೆ ಗೊತ್ತು.

ದೊಡ್ಡಪ್ಪ ದೊಡ್ಡಮ್ಮನಿಗೆ ನನ್ನ ನಮಸ್ಕಾರ ತಿಳಿಸಬೇಕಾದದ್ದು ರೀತಿ, ತಿಳಿಸು. ನಿನ್ನ ಕಾಲಿಗೆ ಮಾತ್ರ ಮನಸ್ಸಿನಿಂದ ನಮಸ್ಕಾರ.

ನಿನ್ನ
ಅಹಲ್ಯಾ

ತಾ.ಕ.: ಈ ಕಾಗದ ತರುವ ಬುರ್ಹಾನುದ್ದೀನ್ ಹೊರಟು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಅವ್ವ ಈ ಅಮಾವಾಸ್ಯೆ ದಾಟುವುದಿಲ್ಲ ಎಂದು ಡಾಕ್ಟರರು ಅಪ್ಪನಿಗೆ ಹೇಳಿದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದೆ. ನಿನಗೆ ಹೇಳಿ ಕಳಿಸುವುದು ಬೇಡವೆಂದು ಅತ್ತೆ ಅಂದಳು. ಅಪ್ಪ ಡಾಕ್ಟರರ ಚೀಲ ಹಿಡಿದು ಹೊರನಡೆದರು. ಬುರ್ಹಾನುದ್ದೀನ್ ಮತ್ತು ಅವನ ಹೆಂಡತಿ ಬುಧವಾರ ರಾತ್ರಿ ಹತ್ತಿಯ ಗಾಡಿಯಲ್ಲಿ ಕುರ್ಡಿಯಿಂದ ಹಿಂತಿರುಗುತ್ತಾರೆ. ಯಾರನ್ನೂ ಕೇಳಬೇಡ, ಹತ್ತಿ ಬಾ. ಖಾಲಾ ಅಂಗಳದಲ್ಲಿ ಹಂಡೆ ಕಾಯಿಸಿಟ್ಟಿರುತ್ತಾಳೆ, ಸೋಡಾ ತಂದಿಟ್ಟಿದ್ದೇನೆ. ನೀನು ಮಾಡು. ಬಿಸಿ ಆರುವ ಮೊದಲು ಇಬ್ಬರೂ ಮುಂಬಾಗಿಲಿನಿಂದಲೇ ಅವ್ವನ ಹತ್ತಿರ ಹೋಗೋಣ. ಗುರುವಾರ, ಬೆಳಿಗ್ಗೆ ಎಂಟು ಗಂಟೆ, ಖಾಲಾನ ಅಂಗಳ.