ಅವರ ಕೈಗೆ ಎಟುಕುವ ಎತ್ತರ

ಮಾರ್ಚ್ ೩
ಬೆಳಿಗ್ಗೆ ಎರಡು ಯೂನಿಫಾರ್ಮ್ ಹೊಲಿದೆ. ಮೂರನೆಯದಕ್ಕೆ ಗುಂಡಿ ಬಾಕಿ. ನಡುವೆ ಅಡುಗೆ — ಅನ್ನ ತಳ ಹಿಡಿಯಿತು. ಇವರು ತುಟಿ ಪಿಟಿಕ್ಕೆನ್ನದೆ ತಿಂದರು. ಹೊಟ್ಟೆ ಉರಿಸುವುದು ಅದೇ. ಕ್ಯಾಂಟೀನಿನಲ್ಲಿ ಸೌಟು ಹಿಡಿದೇ ಕೂದಲು ಬೆಳ್ಳಗಾದ ಮನುಷ್ಯ. ಮೊದಲಾಗಿದ್ದರೆ ಗಂಡ ಅನ್ನುವುದನ್ನೂ ಮರೆತು ಆಡಿಕೊಳ್ಳುತ್ತಿದ್ದರು.

ಕಣ್ಣು ಮಂಜಾದಾಗಲೂ ಇವರು ಅಡುಗೆ ಬಿಟ್ಟಿರಲಿಲ್ಲ. ಹೋದ ತಿಂಗಳು ಕೆಳಗಿನ ಕಪಾಟಿನಲ್ಲಿ ಬಾಣಲೆಗೆ ತಡಕಾಡುವಾಗ, ಒಂದರೊಳಗೊಂದು ತುರುಕಿದ್ದ ಪಾತ್ರೆಗಳೆಲ್ಲ ಧಡಧಡ ಕಾಲ ಮೇಲೆ. ಪೆಟ್ಟು ದೊಡ್ಡದಲ್ಲ. ಆದರೆ ಅವತ್ತಿನಿಂದ ಅಡುಗೆಮನೆಗೆ ಕಾಲಿಟ್ಟಿಲ್ಲ. ಕಿಟಕಿಯ ಹತ್ತಿರ ಕುರ್ಚಿ, ರೇಡಿಯೋ, ಅಷ್ಟೆ. ಕಣ್ಣು ಇನ್ನು ಸುಧಾರಿಸುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಹೇಗೋ ತಡೆದುಕೊಂಡೆ. ಈ ಮೌನ ತಡೆಯಲಾಗುತ್ತಿಲ್ಲ.

ಮಾರ್ಚ್ ೫, ಮಧ್ಯಾಹ್ನ
ಒಂದು ಉಪಾಯ ಹೊಳೆದಿದೆ. ಪಾತ್ರೆಗಳೆಲ್ಲ ಒಲೆಯ ಪಕ್ಕ ಸಾಲಾಗಿ ನೇತಾಡಬೇಕು. ಪ್ರತಿಯೊಂದಕ್ಕೂ ಅದರದೇ ಕೊಕ್ಕೆ. ಬಗ್ಗುವುದು, ತಡಕಾಡುವುದು ಬೇಡ. ಕೈ ಎತ್ತಿದರೆ ಸಿಗಬೇಕು. ಹಳೆಯ ಪರದೆಯ ಕಬ್ಬಿಣದ ಪೈಪ್ ಮಂಚದಡಿ ಬಿದ್ದಿತ್ತು, ಎಳೆದೆ. ಹಾರ್ಡ್‌ವೇರ್ ಅಂಗಡಿಯಿಂದ ಎರಡು ತುಂಡು ಸರಪಳಿ, ಎಸ್ ಆಕಾರದ ಕೊಕ್ಕೆಗಳು.

ಅಂಗಡಿಯವ: "ಏನಮ್ಮಾ, ಉಯ್ಯಾಲೆ ಕಟ್ತೀರಾ?"

"ಹೂಂ, ಬಾಣಲೆಗೆ."

ಇವರಿಗೆ ಹೇಳಿಲ್ಲ. ಮುಗಿಸಿ ತೋರಿಸಿದರಾಯಿತು. ತೋರಿಸುವುದಂತೆ! ಏನು ಬರೆಯುತ್ತಿದ್ದೇನೋ.

ಮಾರ್ಚ್ ೮
ಎದುರುಮನೆಯ ಎಲೆಕ್ಟ್ರಿಷಿಯನ್ ಡ್ರಿಲ್ ತಂದು ಚಾವಣಿಗೆ ಎರಡು ಕೊಂಡಿ ಹಾಕಿಕೊಟ್ಟ. ನನ್ನ ತಲೆ ತುಂಬ ಸಿಮೆಂಟ್ ಪುಡಿ.

ಒಳಗಿನಿಂದ ಇವರು: "ಏನೇ ಅದು, ಮನೆ ಕೆಡವ್ತಿದೀಯಾ?"

"ಇಲ್ಲಾರೀ, ಲೈಟ್ ಹಾಕಿಸ್ತಿದೀನಿ."

ಹೇಳಿ ನಾಲಿಗೆ ಕಚ್ಚಿಕೊಂಡೆ. ಅವರು ರೇಡಿಯೋ ಜೋರು ಮಾಡಿದರು.

ಸಂಜೆ ಎಲ್ಲವನ್ನೂ ಉಜ್ಜಿ ತೂಗುಹಾಕಿದೆ. ದೊಡ್ಡದರಿಂದ ಚಿಕ್ಕದಕ್ಕೆ, ಇಳಿಜಾರಾಗಿ. ಎಷ್ಟು ನೋಡಿದರೂ ಸಾಲದು.

ಮಾರ್ಚ್ ೯
ಕೈ ಹಿಡಿದು ಕರೆತಂದೆ. "ಇನ್ನೊಂಚೂರು ಮುಂದೆ ಬನ್ನಿ" ಎಂದೆ.

ಠಣ್! ದೊಡ್ಡ ಬಾಣಲೆ ನೇರ ಹಣೆಗೆ. ನನ್ನ ಕೈಗೆ ಎಟುಕುವ ಎತ್ತರಕ್ಕೆ ಕಟ್ಟಿದ್ದೆ. ಇವರು ನನಗಿಂತ ಒಂದು ಗೇಣು ಎತ್ತರ.

"ನನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ? ಕಣ್ಣು ಹೋಗಿರೋದು, ಬಾಯಲ್ಲ."

ಗೋಡೆ ಹಿಡಿದುಕೊಂಡು ಹೋಗಿ ಕುರ್ಚಿಯಲ್ಲಿ ಕೂತರು. ಹಣೆಗೆ ಐಸ್ ಇಡಲೂ ಬಿಡಲಿಲ್ಲ.

ಗಿರಾಕಿಯ ಅಳತೆ ತೆಗೆಯದೆ ಒಂದು ಅಂಗಿಗೂ ಕತ್ತರಿ ಹಾಕದವಳು ನಾನು. ಈ ಮನುಷ್ಯನ ಅಳತೆ ಮಾತ್ರ ತೆಗೆಯಲಿಲ್ಲ. ಮಿಷನ್ ಮುಂದೆ ಕೂತು ಚೆನ್ನಾಗಿ ಅತ್ತುಬಿಟ್ಟೆ.

ಮಾರ್ಚ್ ೧೬
ಬರೆಯುವುದೇನಿತ್ತು? ಅವರಿಗೆ ರೇಡಿಯೋ, ನನಗೆ ಮಿಷನ್. ಪಾತ್ರೆಗಳು ಹಾಗೇ ನೇತಾಡುತ್ತಿದ್ದವು.

ಇವತ್ತು ಟೇಪ್ ಹಿಡಿದು ಮುಂದೆ ನಿಂತೆ. "ಎದ್ದೇಳಿ. ಅಳತೆ ತಗೋಬೇಕು."

"ಯಾಕೆ, ಅಂಗಿಗಾ?"

"ಅಡುಗೆಮನೆಗೆ."

ರೇಡಿಯೋ ಆರಿಸಿದರು. ಆಮೇಲೆ ಎದ್ದರು. ಒಲೆಯ ಮುಂದೆ ನಿಲ್ಲಿಸಿ ಬಲಗೈ ಎತ್ತಿಸಿದೆ. ನೆಲದಿಂದ ಸೊಂಟಕ್ಕೆ, ಸೊಂಟದಿಂದ ಅಂಗೈಗೆ ಟೇಪ್ ಹಿಡಿದೆ. ಅವರ ಇನ್ನೊಂದು ಕೈ ನೇತಾಡುವ ಪಾತ್ರೆಗಳನ್ನು ಒಂದೊಂದಾಗಿ ಸವರಿತು.

"ದಿನಾ ಬೇಕಾಗೋದು ಬಲಗಡೆ ಹಾಕು. ಹಾಲಿನ ಪಾತ್ರೆ ಕೊನೇಗೆ. ಹಿಡಿ ಎಲ್ಲಾ ನನ್ ಕಡೆ ತಿರುಗಿರ್ಲಿ. ಮಾರಾಟಕ್ಕಿಟ್ಟಂಗೆ ಜೋಡ್ಸಿದೀಯಲ್ಲೇ, ದಡ್ಡಿ!"

ದಡ್ಡಿ! ಎಷ್ಟು ದಿನವಾಗಿತ್ತು ಇದನ್ನು ಕೇಳಿ. ಜೀವ ಬಂದ ಹಾಗಾಯಿತು.

ಸರಪಳಿ ಗಿಡ್ಡ ಮಾಡಿ ಪೈಪ್ ಮೇಲೆತ್ತಿದೆ. ಒಲೆಯ ಕಡೆ ನಿಂತರೆ ತಲೆಗೆ ತಾಗದು. ಈಗ ನನಗೆ ಒಂದೂ ಎಟುಕುವುದಿಲ್ಲ. ಊಟ ಮಾಡುವವರಿಗೆ ಒಳ್ಳೆಯದೇ ಆಯಿತು.

ಮಾರ್ಚ್ ೧೮, ಸಂಜೆ
ನನ್ನನ್ನು ಅಡುಗೆಮನೆಯಿಂದ ಆಚೆ ಹಾಕಿದ್ದಾರೆ.

"ನೀನು ಪಕ್ಕದಲ್ಲಿ ಉಸಿರು ಬಿಗಿ ಹಿಡ್ಕೊಂಡು ನಿಂತಿರೋದು ನಂಗೆ ಗೊತ್ತಾಗತ್ತೆ. ನಡಿ ಆಚೆ."

ಬಾಗಿಲ ಹೊರಗೆ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಕೊಕ್ಕೆಯಿಂದ ಏನೋ ತೆಗೆದರು. ಒಲೆ ಹಚ್ಚಿದರು... ಹಚ್ಚಿದರು, ಹೌದು. ಈರುಳ್ಳಿ ಹೆಚ್ಚುವ ಸದ್ದು. ನಿಧಾನ. ಬೆರಳು ಜೋಪಾನ ಎಂದು ಕೂಗಬೇಕೆನಿಸಿತು, ಬಾಯಿ ಮುಚ್ಚಿಕೊಂಡೆ.

ಏನೋ ಬಿತ್ತು! ಎದ್ದೆ. ಮತ್ತೆ ಕೂತೆ.

"ಮುಚ್ಚಳ ಕಣೇ. ನಾನಲ್ಲ."

ನಗುತ್ತಿದ್ದಾರೆ. ಈರುಳ್ಳಿ ಹೆಚ್ಚಿದವರು ಅವರು, ಕಣ್ಣೀರು ನನಗೆ.

ಈಗ ಕರೆಯುತ್ತಿದ್ದಾರೆ. ಉಪ್ಪು ನೋಡಬೇಕಂತೆ. ಇಷ್ಟು ವರ್ಷದಲ್ಲಿ ಒಂದು ದಿನ ನನ್ನ ಹತ್ತಿರ ಉಪ್ಪು ನೋಡಿಸಿದವರಲ್ಲ. ನಿಮ್ಮ ನಾಲಿಗೆಗೇನಾಗಿದೆ ಎಂದು ಕೇಳುತ್ತೇನೆ, ಆದರೆ ಮೊದಲು ಹೋಗಿ ರುಚಿ ನೋಡಿ —